ಮುಳ್ಳಿನ ಮೊನೆಯಲ್ಲಿ ಮೂರು ಚುಕ್ಕೆ

ಮನಿಲಾದಲ್ಲಿ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಹೊತ್ತಿಗೆ ಬೊಂಟೋಕ್ ಎಂಬ ಬೆಟ್ಟದ ಪೇಟೆಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಮುಂದಕ್ಕೆ ಜೀಪ್ನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು ಫಿಲಿಪೀನಿಗರು ಮಾಡಿಕೊಂಡ ಗಾಡಿ ಅದು. ಒಳಗೆ ಜಾಗ ಸಿಗದವರು ಅಕ್ಕಿ ಮೂಟೆಗಳ ಜೊತೆ ಟಾಪಿನ ಮೇಲೆ ಕೂರುತ್ತಾರೆ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಆಳದಲ್ಲಿ ಚಿಕೊ ನದಿ. ರಸ್ತೆ ಮುಗಿಯುವಲ್ಲಿ ಮೋಟರ್ ಬೈಕು, ಬೈಕೂ ನಿಲ್ಲುವಲ್ಲಿ ಕಾಲು. ಕಣಿವೆಗೆ ಇಳಿದು, ಮತ್ತೆ ಮೆಟ್ಟಿಲು ಹತ್ತಿ, ಗದ್ದೆಯ ಬದುಗಳನ್ನು ದಾಟಿದರೆ ಬುಸ್ಕಲನ್. ಕಳಿಂಗ ಪ್ರಾಂತ್ಯದ ತಿಂಗ್ಲಾಯನ್ ತಾಲ್ಲೂಕಿಗೆ ಸೇರಿದ ಊರು. (ಹೆಸರು ಕೇಳಿ ನಮ್ಮವರು ಒಡಿಶಾದ ಕಳಿಂಗವನ್ನು ನೆನೆಯುವುದು ಸಹಜ. ಅದಕ್ಕೂ ಇದಕ್ಕೂ ನಂಟು ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ.)

ತಗಡಿನ ಸೂರಿನ ಮನೆಗಳು ಒಂದರ ಮಗ್ಗುಲಿಗೆ ಒಂದು ಒತ್ತಿಕೊಂಡಿವೆ. ಓಣಿಯಲ್ಲಿ ಹಂದಿಗಳು ತಮ್ಮ ಪಾಡಿಗೆ ಓಡಾಡುತ್ತವೆ, ಅಂಗಳಗಳಲ್ಲಿ ಕಾಫಿ ಬೀಜ ಒಣಗುತ್ತದೆ. ಅವುಗಳ ನಡುವೆ ಎಲ್ಲಿಂದಲೋ ಟಕ್ ಟಕ್ ಟಕ್ ಎಂದು ಕಡ್ಡಿಗೆ ಕಡ್ಡಿ ತಾಗುವ ಒಣ ಸದ್ದು. ಸದ್ದಿನ ಜಾಡು ಹಿಡಿದು ಹೋದರೆ ಒಂದು ಚಪ್ಪರದ ಕೆಳಗೆ ಜನ ಸರದಿ ಕಾಯುತ್ತಿರುತ್ತಾರೆ. ನಡುವೆ ಗಿಡ್ಡ ಮಣೆಯ ಮೇಲೆ ಮುಂದಕ್ಕೆ ಬಾಗಿ ಕೂತ ಅಜ್ಜಿ. ತಲೆಗೆ ಬಟ್ಟೆ, ಕೊರಳಲ್ಲಿ ಮಣಿಸರ, ಹೆಗಲಿನಿಂದ ಮಣಿಕಟ್ಟಿನವರೆಗೆ ಎರಡೂ ತೋಳು ತುಂಬಿದ ಹಚ್ಚೆ. ವಯಸ್ಸಿಗೆ ಚರ್ಮ ಸುಕ್ಕಾಗಿದೆ, ಗೆರೆಗಳು ಮಾತ್ರ ಅಳಿಸಿಲ್ಲ. ಇವರೇ ಅಪೊ ವಾಂಗ್-ಓಡ್. ಗುರುತಿನ ಚೀಟಿಯಲ್ಲಿರುವ ಜನ್ಮದಿನ 1917ರ ಫೆಬ್ರವರಿ 17. ಕಳಿಂಗದಲ್ಲಿ ಹಚ್ಚೆ ಹಾಕುವವರನ್ನು ಮಂಬಬಾಟೊಕ್ ಎನ್ನುತ್ತಾರೆ. ಆ ಪರಂಪರೆಯ ಕೊನೆಯವರು ಇವರೇ ಎಂದು ಒಂದು ಕಾಲದಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಅವರ ಸಲಕರಣೆಯೆಲ್ಲ ಒಂದು ಮೊರದಲ್ಲಿ ಹಿಡಿಸುವಷ್ಟು. ಒಂದು ಮೊಳಕ್ಕೂ ಕಡಿಮೆ ಉದ್ದದ ಬಿದಿರ ಕಡ್ಡಿ, ಅದರ ತುದಿಗೆ ಅಡ್ಡಲಾಗಿ ಸಿಕ್ಕಿಸಿದ ಚಕ್ಕೋತ ಜಾತಿಯ ಮರದ ಮುಳ್ಳು. ಬಡಿಯಲು ಇನ್ನೊಂದು ಕಡ್ಡಿ. ತೆಂಗಿನ ಚಿಪ್ಪಿನಲ್ಲಿ ಮಸಿ ಮತ್ತು ನೀರು ಕಲಸಿದ ಕಪ್ಪು. ಮೊದಲು ಒಂದು ಒಣಹುಲ್ಲಿನ ಎಳೆಯನ್ನು ಕಪ್ಪಿನಲ್ಲಿ ಅದ್ದಿ, ಚರ್ಮದ ಮೇಲೆ ಒತ್ತಿ ಗೆರೆ ಮೂಡಿಸಿಕೊಳ್ಳುತ್ತಾರೆ. ಅಳತೆಪಟ್ಟಿ, ಪೆನ್ಸಿಲ್ಲು, ನಕಲು ಹಾಳೆ ಯಾವುದೂ ಇಲ್ಲ. ಆಮೇಲೆ ಎಡಗೈಯಲ್ಲಿ ಮುಳ್ಳಿನ ಕಡ್ಡಿಯನ್ನು ಚರ್ಮಕ್ಕೆ ಹತ್ತಿರ ಹಿಡಿದು, ಬಲಗೈಯಿಂದ ಬಡಿಯತೊಡಗುತ್ತಾರೆ. ಮುಳ್ಳು ಇಳಿಯುತ್ತದೆ, ಏಳುತ್ತದೆ, ಗೆರೆಯ ಮೇಲೆ ಕೂದಲೆಳೆಯಷ್ಟು ಮುಂದೆ ಸರಿದು ಮತ್ತೆ ಇಳಿಯುತ್ತದೆ. ರಕ್ತ ಸಣ್ಣಗೆ ಒಸರಿ ಕಪ್ಪಿನೊಡನೆ ಬೆರೆಯುತ್ತದೆ. ಒರೆಸಿ ನೋಡಿ, ಗೆರೆ ತೆಳುವಾಗಿ ಕಂಡಲ್ಲಿ ಅದೇ ಜಾಗಕ್ಕೆ ಇನ್ನೊಂದು ಸುತ್ತು ಬಡಿಯುತ್ತಾರೆ. ಹಾಕಿಸಿಕೊಳ್ಳುವವರು ಹಲ್ಲು ಕಚ್ಚಿ ಆಕಾಶ ನೋಡುತ್ತಾರೆ. ಅಜ್ಜಿ ತಲೆ ಎತ್ತುವುದಿಲ್ಲ. ಮುಳ್ಳು ಪ್ರತಿಯೊಬ್ಬರಿಗೂ ಹೊಸದು. ಕೆಲಸ ಮುಗಿದ ಮೇಲೆ ಅದನ್ನು ನೆನಪಿಗೆಂದು ಕಟ್ಟಿಕೊಂಡು ಹೋಗುವವರೂ ಉಂಟು.

ಎಷ್ಟು ಆಳಕ್ಕೆ ಚುಚ್ಚಬೇಕು ಎನ್ನುವುದರಲ್ಲಿದೆ ಇಡೀ ವಿದ್ಯೆ. ಮಸಿ ಚರ್ಮದ ಮೇಲ್ಪದರದಲ್ಲೇ ನಿಂತರೆ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ, ತೀರ ಒಳಗೆ ಹೋದರೆ ಹರಡಿ ಕಲೆಯಾಗುತ್ತದೆ. ಎರಡನೇ ಪದರದಲ್ಲಿ ಅದು ನಿಲ್ಲಬೇಕು. ಅಲ್ಲಿ, ಹೊರಗಿನಿಂದ ಬಂದದ್ದನ್ನು ನುಂಗುವ ಜೀವಕೋಶಗಳು ಮಸಿಯ ಕಣಗಳನ್ನು ನುಂಗಿ, ಅರಗಿಸಲಾಗದೆ ಒಡಲಲ್ಲೇ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಕಣಗಳನ್ನು ಇನ್ನೊಂದು ನುಂಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದು 2018ರಲ್ಲಿ. ಬುಸ್ಕಲನ್ನಿನ ಬೆರಳುಗಳಿಗೆ ಆ ಆಳ ಎಷ್ಟೆಂಬುದು ಅದಕ್ಕೂ ತಲೆಮಾರುಗಳ ಮೊದಲೇ ಗೊತ್ತಿತ್ತು.

ಯಂತ್ರ ಬರದಿದ್ದ ಕಾಲದ ಕೆಲಸ ಇದು ಎಂದುಕೊಳ್ಳುವುದು ಬೇಡ. ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟಿದ್ದ ಸ್ಯಾಮ್ಯುಯೆಲ್ ಓ'ರೈಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1891ರಲ್ಲಿ, ಅಂದರೆ ವಾಂಗ್-ಓಡ್ ಹುಟ್ಟುವ 26 ವರ್ಷ ಮೊದಲು. ಕಾಗದಪತ್ರಗಳ ಪ್ರತಿ ತೆಗೆಯಲು ಎಡಿಸನ್ ಮಾಡಿದ್ದ ವಿದ್ಯುತ್ ಪೆನ್ನಿನ ತತ್ತ್ವವನ್ನೇ ಆತ ಚರ್ಮಕ್ಕೆ ತಂದ. ಇಂದು ಬೆಂಗಳೂರಿನ ಟ್ಯಾಟೂ ಅಂಗಡಿಗಳಲ್ಲಿ ಗುಂಯ್‌ಗುಡುವ ಯಂತ್ರಗಳೆಲ್ಲ ಆ ವಂಶದವು. ವೇಗ ಬೇಕೆನ್ನುವವರಿಗೆ ಅದಿದೆ. ಮುಳ್ಳಿನ ಗೆರೆಯಲ್ಲಿ ಬಡಿದ ಕೈಯ ಏರಿಳಿತವೂ ಉಳಿದುಬಿಡುತ್ತದೆ. ನನ್ನ ಕಣ್ಣಿಗೆ ಅದೇ ಚೆಂದ.

ಹಿಂದೆ ಈ ಗೆರೆಗಳು ದುಡ್ಡಿಗೆ ಸಿಗುತ್ತಿರಲಿಲ್ಲ. ಕಳಿಂಗದ ಗಂಡಸಿನ ಎದೆಯ ಮೇಲಿನ ಹಚ್ಚೆ ಅವನು ಶತ್ರುವಿನ ತಲೆ ಕಡಿದು ತಂದದ್ದಕ್ಕೆ, ಊರನ್ನು ಕಾದದ್ದಕ್ಕೆ ಸಿಕ್ಕ ಬಿರುದು. ಹೆಣ್ಣುಮಕ್ಕಳಿಗೆ ಅದು ತೋಳಿನ ಒಡವೆ. ಮೈನೆರೆದ ಹುಡುಗಿಯ ಬರಿದೋಳು ನೋಡುವವರಿಗೆ ಅರೆಕೊರೆಯಾಗಿ ಕಾಣುತ್ತಿತ್ತು. ಜರಿಹುಳ, ಹೆಬ್ಬಾವಿನ ಹುರುಪೆ, ಜರೀಗಿಡದ ಎಲೆ, ಬೆಟ್ಟದ ಸಾಲು, ಭತ್ತದ ಕಣ, ಹೀಗೆ ಸುತ್ತಮುತ್ತ ಕಂಡದ್ದೆಲ್ಲ ಗೆರೆಯಾಗಿ ಮೈಗೆ ಬಂದಿತ್ತು. ಅಪ್ಪನಿಂದ ವಿದ್ಯೆ ಕಲಿತ ವಾಂಗ್-ಓಡ್ ಹದಿಹರೆಯದಲ್ಲೇ ಕಡ್ಡಿ ಹಿಡಿದವರು. ಹೆಂಗಸರು ಈ ಕಸುಬಿಗೆ ಬರುವುದು ಆಗ ಅಪರೂಪ. ಕರೆ ಬಂದರೆ ಬೆಟ್ಟದಾಚೆಯ ಊರುಗಳಿಗೂ ನಡೆದು ಹೋಗುತ್ತಿದ್ದರು. ಕೂಲಿಯಾಗಿ ಹಂದಿಯೋ ಭತ್ತವೋ ಮಣಿಸರವೋ ಸಿಗುತ್ತಿತ್ತು.

ಅಮೆರಿಕನ್ ಆಡಳಿತ ತಲೆಬೇಟೆಯನ್ನು ನಿಲ್ಲಿಸಿದಾಗ ಗಂಡಸರ ಎದೆಯ ಹಚ್ಚೆಗೆ ಕಾರಣವೇ ಇಲ್ಲವಾಯಿತು. ಮಿಷನರಿಗಳು ಬಂದರು, ಶಾಲೆಗಳು ಬಂದವು. ಹಚ್ಚೆ ಇದ್ದ ಹುಡುಗಿಯರು ಪೇಟೆಗೆ ಹೋಗುವಾಗ ಉದ್ದ ತೋಳಿನ ಅಂಗಿ ತೊಟ್ಟು ಕೈ ಮುಚ್ಚಿಕೊಳ್ಳುವ ಕಾಲ ಬಂತು. ಒಂದು ತಲೆಮಾರಿನ ಒಡವೆ ಮುಂದಿನ ತಲೆಮಾರಿಗೆ ನಾಚಿಕೆಯಾಯಿತು. ಹಾಕಿಸಿಕೊಳ್ಳುವವರಿಲ್ಲದ ಮೇಲೆ ಕಲಿಯುವವರು ಎಲ್ಲಿಂದ ಬರಬೇಕು?

ಕೆಳಗೆ ಹರಿಯುವ ಚಿಕೊ ನದಿಯದೂ ಒಂದು ಕಥೆ ಇದೆ. 1970ರ ದಶಕದಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ಈ ನದಿಗೆ ನಾಲ್ಕು ಅಣೆಕಟ್ಟು ಕಟ್ಟಲು ಹೊರಟಿತು. ಕಟ್ಟಿದ್ದರೆ ಊರುಗಳು, ಗದ್ದೆಗಳು, ಹಿರಿಯರ ಗೋರಿಗಳು ನೀರಿನಡಿಗೆ ಹೋಗುತ್ತಿದ್ದವು. ಬೆಟ್ಟದ ಹೆಂಗಸರು ಸರ್ವೆಯವರ ಗುಡಾರಗಳನ್ನು ಕಿತ್ತು ಹೊತ್ತೊಯ್ದರು. ಚಳವಳಿಯ ಮುಂದಾಳಾಗಿದ್ದವನು ಬುಗ್ನಾಯ್ ಊರಿನ ಹಿರಿಯ ಮಕ್ಲಿ-ಇಂಗ್ ದುಲಾಗ್. ವಾಂಗ್-ಓಡ್ ಸೇರಿದ ಬುಟ್‌ಬುಟ್ ಬುಡಕಟ್ಟಿನವನೇ. 1980ರ ಏಪ್ರಿಲ್ 24ರ ರಾತ್ರಿ ಸೈನಿಕರು ಅವನ ಮನೆಗೇ ಬಂದು ಗುಂಡಿಟ್ಟು ಕೊಂದರು. ಆ ಸಾವಿನ ನಂತರ ವಿರೋಧ ಇನ್ನಷ್ಟು ಗಟ್ಟಿಯಾಗಿ ಯೋಜನೆ ಮೂಲೆ ಸೇರಿತು. ಬುಸ್ಕಲನ್ನಿಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಬುಗ್ನಾಯ್ ಮೇಲೆಯೇ ಹಾದುಹೋಗುತ್ತಾರೆ. ಎಷ್ಟು ಮಂದಿ ಅಲ್ಲಿ ಇಳಿದು ಕೇಳುತ್ತಾರೋ!

ವಾಂಗ್-ಓಡ್ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಕಟ್ಟಳೆ ಬೇರೆ ಬಿಗಿಯಾಗಿತ್ತು. ರಕ್ತಸಂಬಂಧಿಗಳಲ್ಲದವರು ಕಡ್ಡಿ ಹಿಡಿದರೆ ಹಚ್ಚೆ ಕೀವಾಗುತ್ತದೆ ಎಂಬ ನಂಬಿಕೆ. ಹಾಗಿರುವಾಗ ಅವರು ಒಡಹುಟ್ಟಿದವರ ಮೊಮ್ಮಕ್ಕಳನ್ನು ಮುಂದಕ್ಕೆ ಕರೆದರು. ಗ್ರೇಸ್ ಪಲಿಕಾಸ್ ಇನ್ನೂ ಹತ್ತರ ಆಸುಪಾಸಿನ ಹುಡುಗಿಯಾಗಿದ್ದಾಗಲೇ ಮುಳ್ಳು ಹಿಡಿದಳು. ಆಮೇಲೆ ಎಲ್ಯಾಂಗ್ ವಿಗನ್. 2009ರಲ್ಲಿ ಲಾರ್ಸ್ ಕ್ರುಟಾಕ್ ಎಂಬ ಮಾನವಶಾಸ್ತ್ರಜ್ಞರ ಟಿವಿ ಸರಣಿ ಅಜ್ಜಿಯನ್ನು ಜಗತ್ತಿಗೆ ತೋರಿಸಿತು. ಅಲ್ಲಿಂದ ಮುಂದೆ ಬೆನ್ನಿಗೆ ಚೀಲ ಹೊತ್ತವರ ಸಾಲು ನಿಂತಿಲ್ಲ.

ವಯಸ್ಸು ನೂರರತ್ತ ಸರಿದಂತೆ ದೊಡ್ಡ ವಿನ್ಯಾಸಗಳನ್ನು ಹುಡುಗಿಯರಿಗೆ ಬಿಟ್ಟುಕೊಟ್ಟ ಅಜ್ಜಿ, ತಮ್ಮ ರುಜುವಾಗಿ ಮೂರು ಚುಕ್ಕೆ ಹಾಕತೊಡಗಿದರು. ಒಂದು ತನಗೆ, ಇನ್ನೆರಡು ಗ್ರೇಸ್‌ಗೆ ಮತ್ತು ಎಲ್ಯಾಂಗ್‌ಗೆ. ಊರೇ ಈಗ ಹಚ್ಚೆಯ ಸುತ್ತ ಬದುಕುತ್ತದೆ. ಮನೆಗಳು ವಸತಿಗೃಹಗಳಾಗಿವೆ, ಹುಡುಗರು ದಾರಿ ತೋರಿಸುತ್ತಾರೆ, ಕಾಫಿಪುಡಿಗೆ ಗಿರಾಕಿ ಇದ್ದಾರೆ. ನೇರ ವಂಶಕ್ಕೆ ಸೇರದ ಯುವಕ ಯುವತಿಯರೂ ಅಂಗಳಗಳಲ್ಲಿ ಕಡ್ಡಿ ಹಿಡಿದು ಕೂತಿದ್ದಾರೆ. ಬಿರುದಾಗಿದ್ದದ್ದು ಬಿಕರಿಗೆ ಬಂತಲ್ಲ ಎಂದು ಮೂಗೆಳೆಯುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಾಗೆ ಹೇಳುವವರು ಬೆಟ್ಟದ ಹುಡುಗಿ ಉದ್ದ ತೋಳಿನ ಅಂಗಿ ತೊಟ್ಟ ದಿನಗಳನ್ನು ಮರೆಯುತ್ತಾರೆ. ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರೆ ಈ ಕಸುಬು ಅಜ್ಜಿಯ ಜೊತೆಗೇ ಮಣ್ಣಾಗುತ್ತಿತ್ತು. ಹೊರಗಿನವರಿಗೆ ಹಾಕಲು ಒಪ್ಪಿ, ಕಸುಬಿಗೆ ಮತ್ತೆ ಅನ್ನ ಹುಟ್ಟುವಂತೆ ಮಾಡಿದ್ದು ಅವರ ದೊಡ್ಡ ಕೆಲಸ. ವಿನ್ಯಾಸಗಳ ಹಿರಿಮೆ ಅದರ ನಂತರದ್ದು.

ಹೆಸರು ಬಂದ ಮೇಲೆ ತಂಟೆಯೂ ಬಂತು. 2017ರಲ್ಲಿ ಮನಿಲಾದ ಒಂದು ದೊಡ್ಡ ಮೇಳಕ್ಕೆ ಅವರನ್ನು ಕರೆತಂದು ನೂರಾರು ಜನಕ್ಕೆ ಹಚ್ಚೆ ಹಾಕಿಸಿದರು. ವೇದಿಕೆಯ ಮೇಲೆ ಅಜ್ಜಿ ತೂಕಡಿಸುವ ಫೋಟೊ ಹರಿದಾಡಿ ದೇಶವೇ ಕೆರಳಿತು. 2021ರಲ್ಲಿ ಆನ್‌ಲೈನ್ ಪಾಠದ ಸಂಸ್ಥೆಯೊಂದು ಅವರ ಹೆಸರಿನಲ್ಲಿ ತರಗತಿ ಶುರುಮಾಡಲು ಹೊರಟಾಗ ಗ್ರೇಸ್ ಬಹಿರಂಗವಾಗಿ ತಗಾದೆ ತೆಗೆದಳು, ತರಗತಿ ಮರೆಯಾಯಿತು. 2023ರ ಏಪ್ರಿಲ್‌ನಲ್ಲಿ ವೋಗ್ ಪತ್ರಿಕೆಯ ಫಿಲಿಪೀನ್ಸ್ ಆವೃತ್ತಿ ಅವರನ್ನು ಮುಖಪುಟಕ್ಕೆ ಹಾಕಿತು. ಆಗ 106 ವರ್ಷ. ಆ ಪತ್ರಿಕೆಯ ಮುಖಪುಟಕ್ಕೆ ಬಂದವರಲ್ಲೇ ಅತಿ ಹಿರಿಯರು. ಮರುವರ್ಷ ಫೆಬ್ರವರಿಯಲ್ಲಿ ಅಧ್ಯಕ್ಷರ ಪದಕವೂ ಸಿಕ್ಕಿತು. ಪದಕ ಕೊಟ್ಟ ಅಧ್ಯಕ್ಷರು ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್, ಚಿಕೊ ನದಿಗೆ ಅಣೆಕಟ್ಟು ಕಟ್ಟಲು ಹೊರಟವರ ಮಗ.

ಹಳೆಯ ಹಚ್ಚೆಯನ್ನು ಉಳಿಸುವ ಮಾತಿಗೆ ಬಂದರೆ, ಕಡಲಾಚೆ ನೆಲೆಸಿದ ಫಿಲಿಪೀನಿಗರನ್ನು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಎಲ್ಲೆ ಫೆಸ್ಟಿನ್ ಮತ್ತು ಸಂಗಡಿಗರು 1998ರಿಂದಲೇ ತಮ್ಮ ದ್ವೀಪಗಳ ಹಳೆಯ ಹಚ್ಚೆಗಳನ್ನು ಮತ್ತೆ ಮೈಗೆ ತರುವ ಕೆಲಸ ಮಾಡುತ್ತಿದ್ದಾರೆ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಬಂದಾಗ ವಿಸಾಯ ದ್ವೀಪಗಳ ಜನರ ಮೈತುಂಬ ಹಚ್ಚೆ ಕಂಡು ಅವರಿಗೆ ಪಿಂಟಾಡೋಸ್, ಅಂದರೆ ಬಣ್ಣ ಬಳಿದವರು ಎಂದೇ ಹೆಸರಿಟ್ಟಿದ್ದರು. ಆ ದ್ವೀಪಗಳಲ್ಲಿ ಕಲೆ ಅಳಿದುಹೋಯಿತು, ಈಗ ಹಳೆಯ ಚಿತ್ರಗಳನ್ನು ನೋಡಿಯೇ ಕಟ್ಟಿಕೊಳ್ಳಬೇಕು. ಬುಸ್ಕಲನ್ನಿನಲ್ಲಿ ಮಾತ್ರ ಕೈಯಿಂದ ಕೈಗೆ ದಾಟಿದ್ದು ತುಂಡಾಗದೆ ಉಳಿದಿದೆ.

ನಮ್ಮಲ್ಲೂ ಬುಟ್ಟಿ ಹೊತ್ತು ಕೊರವಂಜಿಯರು ಬರುತ್ತಿದ್ದರು. ಕಣಿ ಹೇಳಿ, ಜಗುಲಿಯ ಮೇಲೆ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಮಸಿಯಲ್ಲಿ ಸೂಜಿ ಅದ್ದಿ ಹಚ್ಚೆ ಹಾಕುತ್ತಿದ್ದರು. ತುಳಸಿಕಟ್ಟೆ, ಚೇಳು, ಸೀತೆಯ ಸೆರಗು, ಗಲ್ಲದ ಮೇಲೊಂದು ಚುಕ್ಕೆ. ಚುಚ್ಚುವ ನೋವು ಮರೆಸಲು ಹಾಡನ್ನೂ ಹೇಳುತ್ತಿದ್ದರು. ಕೊರವ ಹೆಂಗಸರ ಹಚ್ಚೆಯ ಕಸುಬನ್ನು ಎಡ್ಗರ್ ಥರ್ಸ್ಟನ್ ಜಾತಿ-ಬುಡಕಟ್ಟುಗಳ ಕುರಿತ ತನ್ನ 1909ರ ಸಂಪುಟಗಳಲ್ಲಿ ದಾಖಲಿಸಿದ್ದಾನೆ. ಆದರೆ ಜಾತಿಯ ಹೆಸರಿನಡಿ ಸೇರಿಹೋದ ಆ ಹೆಂಗಸರು ಯಾರು, ಯಾವ ಊರಿನವರು, ಯಾರಿಂದ ಕಲಿತರು ಎಂಬುದು ನಮಗೆ ಬೇಕಾದ ವಿವರ. ನಿಮ್ಮ ಮನೆಯಲ್ಲಿ ಮುಂಗೈಗೆ ಹಚ್ಚೆ ಇರುವ ಅಜ್ಜಿ ಇನ್ನೂ ಇದ್ದರೆ, ಈ ವಾರವೇ ಪಕ್ಕದಲ್ಲಿ ಕೂತು ಕೇಳಿ. ಯಾರು ಹಾಕಿದ್ದು, ಯಾವ ಸಂತೆಯಲ್ಲಿ, ಕೂಲಿ ಏನು ಕೊಟ್ಟಿರಿ, ಯಾವ ಹಾಡು ಹೇಳಿದರು ಎಂದು. ಆ ಕೈಯದೊಂದು ಫೋಟೊ ತೆಗೆದು, ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ.