ನಾಲ್ಕನೇ ಬ್ಲಾಕಿನ ಒಂದು ಸುತ್ತು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಜಯನಗರ ನಾಲ್ಕನೇ ಬ್ಲಾಕಿಗೆ ಬರುವವರು ಒಂದೇ ಕೆಲಸ ಇಟ್ಟುಕೊಂಡು ಬರುವುದಿಲ್ಲ. ಬಾಳೆಕಂದು, ತಾವರೆ, ಮಾವಿನಸೊಪ್ಪು ಕೊಳ್ಳಬೇಕು. ತಾಂಬೂಲಕ್ಕೆ ರವಿಕೆ ಕಣ ಬೇಕು, ಗ್ರಂಥಿಗೆ ಅಂಗಡಿಯಿಂದ ಅರಿಶಿನದ ಕೊಂಬು ಮತ್ತು ಗೆಜ್ಜೆವಸ್ತ್ರ ಬೇಕು. ಹೊಲಿಯಲು ಕೊಟ್ಟ ಬಟ್ಟೆ ಸಿದ್ಧವಾಯಿತೇ ಎಂದು ಟೈಲರ್ ಬಳಿ ವಿಚಾರಿಸಬೇಕು. ಇಷ್ಟೆಲ್ಲ ಮುಗಿದ ಮೇಲೆ ಮಯ್ಯಾಸ್‌ನಲ್ಲೋ ಬೇರೆ ದರ್ಶಿನಿಯಲ್ಲೋ ಒಂದು ಕಾಫಿ, ಮಕ್ಕಳು ಜೊತೆಗಿದ್ದರೆ ಕೂಲ್ ಜಾಯಿಂಟ್‌ನ ಸ್ಯಾಂಡ್‌ವಿಚ್. ದಕ್ಷಿಣ ಬೆಂಗಳೂರಿನವರು ಇದನ್ನು ‘ಶಾಪಿಂಗ್’ ಎನ್ನುವುದಕ್ಕಿಂತ ‘ಒಂದು ಸುತ್ತು ಹಾಕಿ ಬರುವುದು’ ಎನ್ನುವುದೇ ಹೆಚ್ಚು. ಆ ಮಾತು ಸರಿಯಾಗಿದೆ. ಇಲ್ಲಿನ ವ್ಯಾಪಾರ ನಿಂತಿರುವುದೇ ಆ ಸುತ್ತಿನ ಮೇಲೆ. ಮಾಲ್‌ಗಳು ಬಂದರೂ ಇದು ಉಳಿದಿದ್ದು ಏಕೆ, ಹತ್ತು ನಿಮಿಷದ ಡೆಲಿವರಿ ಬಂದ ಮೇಲೆ ಇದಕ್ಕೆ ಅಪಾಯ ಒದಗಿದ್ದು ಏಕೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಅಲ್ಲೇ ಇದೆ. ಆ ಸುತ್ತನ್ನು ಕಾಪಾಡಬೇಕಾದ ನಗರಾಡಳಿತವೇ ಅದನ್ನು ತುಂಡರಿಸುತ್ತಿದೆ ಎನ್ನುವುದು ಈ ಲೇಖನದ ಆಕ್ಷೇಪ.

ಈ ಸುತ್ತು ತಾನಾಗಿ ಹುಟ್ಟಿದ್ದಲ್ಲ. ಜಯಚಾಮರಾಜೇಂದ್ರ ಒಡೆಯರ್ ಅವರ ಹೆಸರಿನ ಈ ಬಡಾವಣೆಗೆ 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಶಂಕುಸ್ಥಾಪನೆ ಮಾಡಿದರು. ಆ ಕಾಲದ ಗುರುತಾಗಿ ಅಶೋಕ ಸ್ತಂಭ ಇಂದಿಗೂ ನಿಂತಿದೆ. ನಕ್ಷೆ ಹಾಕಿದ್ದು 1945ರಲ್ಲಿ ಸ್ಥಾಪನೆಯಾಗಿದ್ದ ನಗರ ಸುಧಾರಣಾ ಟ್ರಸ್ಟ್ ಬೋರ್ಡ್, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಗಿ ಮಾರ್ಪಟ್ಟ ಸಂಸ್ಥೆ. ಬಡಾವಣೆಯ ನಟ್ಟನಡುವೆ ನಾಲ್ಕನೇ ಬ್ಲಾಕಿನಲ್ಲಿ ವಾಣಿಜ್ಯ ಸಂಕೀರ್ಣ ಎದ್ದಿದ್ದು 1970ರ ದಶಕದಲ್ಲಿ. ಅದರ ಜಾಣ್ಮೆ ಕಟ್ಟಡದ ಗಾತ್ರದಲ್ಲಿ ಇರಲಿಲ್ಲ, ಯಾವುದರ ಪಕ್ಕ ಯಾವುದನ್ನು ಇಟ್ಟರು ಎಂಬುದರಲ್ಲಿತ್ತು. ತರಕಾರಿ ಮಾರುಕಟ್ಟೆಯ ಪಕ್ಕ ಬಟ್ಟೆ ಅಂಗಡಿ, ಅದರ ಮಗ್ಗುಲಲ್ಲಿ ಸಹಕಾರಿ ಜನತಾ ಬಜಾರ್, ಸರ್ಕಾರಿ ಕಚೇರಿಗಳು, ನಿರ್ದೇಶಕ ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರ, ಕೂಗಳತೆಯಲ್ಲಿ ಬಸ್ ನಿಲ್ದಾಣ. ತೆರಿಗೆ ಕಟ್ಟಲು ಬಂದವರು ಸೊಪ್ಪು ಕೊಂಡು ಹೋಗುತ್ತಿದ್ದರು, ಸಿನಿಮಾಕ್ಕೆ ಬಂದವರು ಚಪ್ಪಲಿ ಕೊಂಡು ಹೋಗುತ್ತಿದ್ದರು. ಒಂದು ಅಂಗಡಿಗೆಂದು ಬಂದ ಗಿರಾಕಿ ನಾಲ್ಕು ಅಂಗಡಿಗೆ ಗಿರಾಕಿಯಾಗುವಂತೆ ಜಾಗವೇ ಏರ್ಪಾಡು ಮಾಡಿಕೊಟ್ಟಿತ್ತು. ಮುಂದೆ ಹೊಸ ಸಂಕೀರ್ಣಕ್ಕಾಗಿ ಚಿತ್ರಮಂದಿರವನ್ನು ಕೆಡವಿದರು. ಹಾಗೆ ಕಳೆದುಕೊಂಡಿದ್ದು ಒಂದು ಪರದೆ ಮಾತ್ರ ಎಂದುಕೊಂಡರೆ ತಪ್ಪು. ಸಂಜೆ ಆರರಿಂದ ಒಂಬತ್ತರವರೆಗೆ ಆ ಆವರಣಕ್ಕೆ ಜನರನ್ನು ತಂದುಕೊಡುತ್ತಿದ್ದ ಒಂದು ಕಾರಣವೇ ಹೋಯಿತು.

ಆಮೇಲೆ ವ್ಯಾಪಾರ ಸಂಕೀರ್ಣದ ಗೋಡೆ ದಾಟಿ ಸುತ್ತಲಿನ ರಸ್ತೆಗಳಿಗೆ ಹರಡಿತು. ಹತ್ತು ಮತ್ತು ಹನ್ನೊಂದನೇ ಮೇನ್ ರಸ್ತೆಗಳ ಉದ್ದಕ್ಕೂ ತೆಂಗಿನಮರ, ಕಾಂಪೌಂಡು, ಮುಂದೊಂದು ಜಗುಲಿ ಇದ್ದ ಮನೆಗಳ ಜಾಗದಲ್ಲಿ ಮೂರು ನಾಲ್ಕು ಅಂತಸ್ತಿನ ಮಳಿಗೆಗಳು ಎದ್ದವು. ವಸತಿ ಪ್ರದೇಶದಲ್ಲಿ ಮಿಶ್ರ ಬಳಕೆಗೆ 2007ರ ಮಹಾಯೋಜನೆ ಅವಕಾಶ ಕೊಟ್ಟಾಗ ನಗರದ ಅನೇಕ ಕಡೆ ನಿವಾಸಿಗಳು ಪ್ರತಿಭಟಿಸಿದರು. ಪಾರ್ಕಿಂಗ್, ಗಲಾಟೆ, ಜನರೇಟರ್ ಹೊಗೆಯ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ಬಂದ ಮಾಲ್‌ಗಳು ಈ ರಸ್ತೆಗಳನ್ನು ಬರಿದುಮಾಡುತ್ತವೆ ಎಂಬ ಭವಿಷ್ಯವಾಣಿ ಮಾತ್ರ ಸುಳ್ಳಾಯಿತು. ಸ್ವಾಗತ್ ಚಿತ್ರಮಂದಿರದ ಜಾಗದಲ್ಲಿ ಗರುಡ ಸ್ವಾಗತ್ ಮಾಲ್ ಬಂತು, ಬನ್ನೇರುಘಟ್ಟ ರಸ್ತೆಯಲ್ಲಿ ವೇಗಾ ಸಿಟಿಯಂಥವು ಬಂದವು. ಇಡೀ ದೇಶದ ದಿನಸಿ ಅಂಗಡಿಗಳನ್ನು ನುಂಗುತ್ತದೆ ಎಂದು ಭಯಪಟ್ಟಿದ್ದ ಬಿಗ್ ಬಜಾರ್ ತಾನೇ ಸಾಲದಲ್ಲಿ ಮುಳುಗಿ, 2022ರಲ್ಲಿ ಅದರ ಎಷ್ಟೋ ಮಳಿಗೆಗಳು ರಿಲಯನ್ಸ್ ಕೈಸೇರಿದವು. ಮೂಲೆಯ ಪ್ರಾವಿಷನ್ ಸ್ಟೋರ್ ಇನ್ನೂ ಬಾಗಿಲು ತೆರೆದುಕೊಂಡಿದೆ. ಮಾಲ್ ಭಾನುವಾರದ ಜಾಗ. ಅಲ್ಲಿಗೆ ಹೊರಟು ಹೋಗಬೇಕು, ವಾಹನ ನಿಲ್ಲಿಸಬೇಕು, ಅರ್ಧ ದಿನ ಕಳೆಯಬೇಕು. ಮಂಗಳವಾರ ಸಂಜೆ ಎರಡು ಕಟ್ಟು ದಂಟಿನಸೊಪ್ಪು, ಒಂದು ಮೊಳ ಮಲ್ಲಿಗೆ, ಮಿಕ್ಸಿ ಜಾರಿನ ವಾಷರ್ ಬೇಕಾದವರಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

ಆ ಮಂಗಳವಾರದ ವ್ಯಾಪಾರದ ಬಹುಪಾಲು ನಡೆಯುವುದು ಫುಟ್‌ಪಾತಿನ ಮೇಲೆ. 2022ರ ನವೆಂಬರ್‌ನಲ್ಲಿ ಮಹಾನಗರ ಪಾಲಿಕೆ ನಾಲ್ಕನೇ ಬ್ಲಾಕಿನ ಬೀದಿ ಬದಿ ವ್ಯಾಪಾರಿಗಳನ್ನು ತೆರವುಗೊಳಿಸಿದಾಗ ಅದನ್ನು ಸ್ವಾಗತಿಸಿದವರಲ್ಲಿ ಅಂಗಡಿಯವರೂ ನಿವಾಸಿಗಳೂ ಇದ್ದರು. ಅವರ ವಾದಕ್ಕೆ ತೂಕವಿದೆ. ಅಂಗಡಿಯವರು ಬಾಡಿಗೆ, ಅಡ್ವಾನ್ಸ್, ಪರವಾನಗಿ ಶುಲ್ಕ, ಜಿಎಸ್‌ಟಿ ಎಲ್ಲ ಕಟ್ಟುತ್ತಾರೆ. ಅವರ ಬಾಗಿಲಿಗೆ ಅಡ್ಡಲಾಗಿಯೇ ಅದೇ ಬಗೆಯ ಟೀ ಶರ್ಟು ಅರ್ಧ ಬೆಲೆಗೆ ಮಾರಾಟವಾದರೆ ಹೊಟ್ಟೆ ಉರಿಯುವುದು ಸಹಜ. ಕೋಲು ಹಿಡಿದು ನಡೆಯುವ ಹಿರಿಯರು ಫುಟ್‌ಪಾತ್ ಬಿಟ್ಟು ರಸ್ತೆಗಿಳಿಯಬೇಕಾಗುವುದು ಇನ್ನೂ ಗಂಭೀರ ವಿಷಯ. ಆದರೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದಕ್ಕೆ ದಾರಿ ಹೇಳಿಯೇ ಬಂದದ್ದು. ಮೊದಲು ಸಮೀಕ್ಷೆ, ಆಮೇಲೆ ಪ್ರಮಾಣಪತ್ರ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಜಾಗದ ಗುರುತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದೆಂದು ಅದರ ಮೂರನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ವಾರ್ಡಿನದೋ ನಗರದ್ದೋ ಜನಸಂಖ್ಯೆಯ ಶೇ 2.5ರಷ್ಟು ಬೀದಿ ವ್ಯಾಪಾರಿಗಳಿಗೆ ಜಾಗ ಕಲ್ಪಿಸುವುದು ಅದರ ಅಳತೆಗೋಲು. ಅಂದರೆ ಎಷ್ಟು ಜನ, ಎಲ್ಲಿ, ಎಷ್ಟು ಅಗಲ ಬಿಟ್ಟು ಎಂದು ತೀರ್ಮಾನಿಸುವ ಅಧಿಕಾರ ಆಡಳಿತದ ಕೈಯಲ್ಲೇ ಇದೆ. ನಡೆಯಲು ಆರು ಅಡಿ ಬಿಟ್ಟು ಗೆರೆ ಎಳೆಯುವುದಕ್ಕೆ ಕಾಯ್ದೆ ಎಲ್ಲೂ ಅಡ್ಡಿ ಮಾಡುವುದಿಲ್ಲ. ಆ ಕೆಲಸ ಮಾಡದೆ ಲಾರಿ ತಂದು ಸಾಮಾನು ತುಂಬಿಕೊಂಡು ಹೋಗುವುದರಿಂದ ಪಾದಚಾರಿಗೆ ಜಾಗ ಖಾಯಂ ಆಗಿ ಸಿಗುವುದಿಲ್ಲ. ಕೆಲವು ದಿನ ಖಾಲಿ ಕಂಡ ಜಾಗದಲ್ಲಿ ಸ್ಕೂಟರ್‌ಗಳು ಬಂದು ನಿಲ್ಲುತ್ತವೆ.

ಅಂಗಡಿಯವರ ಲೆಕ್ಕಾಚಾರದಲ್ಲೂ ಒಂದು ಅಂಶ ಬಿಟ್ಟುಹೋಗಿದೆ. ಹೂವಿನವರು ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಎಳೆದು ಮೊಳ ಹಾಕುತ್ತಾರೆ. ಕತ್ತರಿಸುವ ಮುಂಚೆ ನಾಲ್ಕು ಬೆರಳು ಮುಂದಕ್ಕೆ ಜರುಗಿಸಿ ಕೊಸರು ಬಿಡುತ್ತಾರೆ, ಬಾಳೆಎಲೆಯ ತುಂಡಿನಲ್ಲಿ ಸುತ್ತಿ ಕೊಡುತ್ತಾರೆ. ಆ ನಾಲ್ಕು ಬೆರಳಿಗಾಗಿ ಗಿರಾಕಿ ದಿನಾ ಸಂಜೆ ಮನೆಯಿಂದ ಹೊರಡುತ್ತಾರೆ. ಹೊರಟ ಮೇಲೆ ಸೀರೆ ಅಂಗಡಿಯ ಗಾಜಿನಲ್ಲಿ ಏನೋ ಕಾಣುತ್ತದೆ, ಔಷಧಿ ಅಂಗಡಿ ನೆನಪಾಗುತ್ತದೆ, ಪಾತ್ರೆ ಅಂಗಡಿಯ ಮುಂದೆ ಪರಿಚಯದವರು ಸಿಗುತ್ತಾರೆ. ಸೀರೆ ಅಂಗಡಿಗೆ ಯಾರೂ ದಿನಾ ಹೋಗುವುದಿಲ್ಲ, ಆದರೆ ಅದರ ಮುಂದೆ ದಿನಾ ಹಾದುಹೋಗುವಂತೆ ಮಾಡುವುದು ಹೂವು, ಸೊಪ್ಪು, ಹಣ್ಣು. ಬನಶಂಕರಿ ದೇವಸ್ಥಾನದ ಸುತ್ತ ಈ ಸಂಬಂಧ ಇನ್ನೂ ಸ್ಪಷ್ಟ. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಮಂಗಳವಾರ, ಶುಕ್ರವಾರ, ಭಾನುವಾರ ಬರುವವರಿಗೆ ಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ಬಟ್ಟಲು ಮಾಡಿ, ಬತ್ತಿ ಎಣ್ಣೆ ಜೊತೆಗಿಟ್ಟು ಕೊಡುವವರು ಬೀದಿಯಲ್ಲೇ ಕೂತವರು. ಪೂಜೆ ಮುಗಿಸಿದವರು ಸಾರಕ್ಕಿ ಮಾರುಕಟ್ಟೆಯ ಕಡೆ ಹೊರಳುತ್ತಾರೆ. ಯಾವ ನಕ್ಷೆಯಲ್ಲೂ ಇಲ್ಲದ ಈ ನಂಟನ್ನು ಕಟ್ಟಿದ್ದು ನಿಂಬೆಹಣ್ಣು.

ಇಂಥ ನಂಟಿನ ಬುಡಕ್ಕೇ ಕೈ ಹಾಕಿರುವುದು ಈಗಿನ ಹತ್ತು ನಿಮಿಷದ ವ್ಯಾಪಾರ. ಆನ್‌ಲೈನ್ ಮಾರಾಟ ಬೆಂಗಳೂರಿಗೆ ಹೊಸದಲ್ಲ. ಫ್ಯಾಬ್‌ಮಾರ್ಟ್ 1999ರಲ್ಲೇ ಇಲ್ಲಿ ಶುರುವಾಯಿತು, ಅದನ್ನು ಕಟ್ಟಿದವರೇ 2011ರಲ್ಲಿ ಬಿಗ್‌ಬಾಸ್ಕೆಟ್ ತಂದರು. ಆದರೆ ಅದು ತಿಂಗಳ ಸಾಮಾನಿನ ವ್ಯಾಪಾರವಾಗಿತ್ತು. ಅಕ್ಕಿ ಬೇಳೆ ಎಣ್ಣೆ ಮನೆಗೆ ಬಂದರೂ ಹಸಿಮೆಣಸಿನಕಾಯಿಗೆ, ಮರೆತುಹೋದ ಮೊಸರಿಗೆ ಬೀದಿಗೆ ಇಳಿಯಲೇಬೇಕಿತ್ತು. 2020ರಲ್ಲಿ ಇನ್‌ಸ್ಟಾಮಾರ್ಟ್, ಆಮೇಲೆ ಬ್ಲಿಂಕಿಟ್, ಜೆಪ್ಟೋ, 2024ರಲ್ಲಿ ಫ್ಲಿಪ್‌ಕಾರ್ಟ್ ಮಿನಿಟ್ಸ್ ಬಂದ ಮೇಲೆ ಆ ಸಣ್ಣ ನೆಪಗಳೂ ಕೈಬಿಟ್ಟವು. ಕೊತ್ತಂಬರಿ ಸೊಪ್ಪು, ಬಿಡಿ ಹೂವು, ಪೂಜೆಯ ಕರ್ಪೂರ ಎಲ್ಲವೂ ಪೊಟ್ಟಣದಲ್ಲಿ ಬಾಗಿಲಿಗೆ ಬರುತ್ತವೆ. ಅವು ಹೊರಡುವ ಡಾರ್ಕ್ ಸ್ಟೋರ್ ಇರುವುದೂ ಇದೇ ಬಡಾವಣೆಗಳ ಅಡ್ಡರಸ್ತೆಗಳಲ್ಲೇ. ಆದರೆ ಅದಕ್ಕೆ ಗಿರಾಕಿ ಕಾಲಿಡುವ ಬಾಗಿಲಿಲ್ಲ. ಅದರ ಪಕ್ಕದಲ್ಲಿ ಅಂಗಡಿ ಇಟ್ಟವರಿಗೆ ಅದರಿಂದ ಒಬ್ಬ ಗಿರಾಕಿಯೂ ದಾಟಿ ಬರುವುದಿಲ್ಲ. ಮಾಲ್ ಗಿರಾಕಿಯನ್ನು ಬೇರೆ ಕಡೆ ಎಳೆದಿತ್ತು, ಇದು ಹೊರಡುವ ಕಾರಣವನ್ನೇ ತೆಗೆದುಹಾಕುತ್ತದೆ.

ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಸೇರಿ ಆದ ಬಿಟಿಎಂ ಬಡಾವಣೆಯಲ್ಲಿ ಇದರ ಪ್ರಭಾವ ಬೇರೆ ಬಗೆಯದು. ಪಿಜಿಗಳಲ್ಲಿ ಇರುವ ಸಾವಿರಾರು ಯುವಕ ಯುವತಿಯರಿಗೆ ಅಡುಗೆಮನೆಯೂ ಇಲ್ಲ, ತಿಂಗಳ ಸಾಮಾನಿನ ಪಟ್ಟಿಯೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ನಡುರಾತ್ರಿ ಬ್ರೆಡ್ಡು, ಶಾಂಪೂ ಬೇಕು, ಆ ಹೊತ್ತಿನಲ್ಲಿ ಆ್ಯಪ್ ಕಿತ್ತುಕೊಳ್ಳುವ ಗಿರಾಕಿಯೇ ಬೀದಿಯಲ್ಲಿ ಇರುವುದಿಲ್ಲ. ಜೆ.ಪಿ. ನಗರದ ದೂರದ ಹಂತಗಳಲ್ಲಿ ಅಪಾರ್ಟ್‌ಮೆಂಟಿನ ಗೇಟಿನಿಂದ ಮೊದಲ ಅಂಗಡಿಗೆ ನಡೆಯಲು ಸರಿಯಾದ ಫುಟ್‌ಪಾತೇ ಇಲ್ಲದ ಕಡೆ ಜನ ಫೋನ್ ಕೈಗೆತ್ತಿಕೊಂಡರೆ ಅವರನ್ನು ದೂರುವಂತಿಲ್ಲ. ನಡೆಯಲು ಆಗದ ಊರಿನಲ್ಲಿ ಆ್ಯಪ್ ಗೆಲ್ಲುತ್ತದೆ. ಹಾಗಿರುವಾಗ ಜನ ಇನ್ನೂ ನಡೆದು ಬರುವ ಬೀದಿಗಳಿಂದ ಅವರು ಬರುವ ಕಾರಣಗಳನ್ನೇ ಎತ್ತಂಗಡಿ ಮಾಡುವುದು ಎಂಥ ನಷ್ಟ ಎಂದು ಯೋಚಿಸಬೇಕು.

ಇದಕ್ಕೆ ಬರುವ ಬಲವಾದ ಉತ್ತರ ಜಯನಗರದ ಹಿರಿಯರ ಕಡೆಯಿಂದ. ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾರೆ, ಮಂಡಿ ನೋವು ಬಿಡುವುದಿಲ್ಲ, ಬಾಗಿಲಿಗೆ ಹಾಲು ಹಣ್ಣು ಔಷಧಿ ಬಂದರೆ ಅದು ಉಪಕಾರವೇ. ದುಡಿದು ದಣಿದು ಬರುವ ಹೆಂಗಸರಿಗೂ ಅಷ್ಟೆ. ಒಪ್ಪಬೇಕಾದ ಮಾತು. ಆದರೆ ಮನೆಗೆ ತಲುಪಿಸುವುದು ಆ್ಯಪ್ ಕಂಡುಹಿಡಿದ ಸೇವೆಯಲ್ಲ. ಚೀಟಿ ಬರೆದು ಕೊಟ್ಟರೆ ದಿನಸಿ ಅಂಗಡಿಯ ಹುಡುಗ ಸೈಕಲ್ಲಿನಲ್ಲಿ ಸಾಮಾನು ತಂದುಕೊಡುವುದು, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುವುದು ಈ ಬಡಾವಣೆಗಳ ಹಳೆಯ ಪದ್ಧತಿ. ಈಗಲೂ ಎಷ್ಟೋ ಅಂಗಡಿಗಳು ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ತೆಗೆದುಕೊಳ್ಳುತ್ತವೆ. ಹಾಗೆ ಬಂದ ಸಾಮಾನಿನ ಹಿಂದೆ ಬೀದಿಯಲ್ಲಿ ಬಾಗಿಲು ತೆರೆದ ಅಂಗಡಿಯೊಂದು ಇರುತ್ತದೆ, ರಾತ್ರಿ ಹತ್ತರವರೆಗೆ ದೀಪ ಉರಿಯುತ್ತದೆ. ಆ್ಯಪ್ ಉದ್ಯೋಗ ಕೊಟ್ಟಿದೆ ಎಂಬ ಮಾತೂ ನಿಜ. ಆ ಉದ್ಯೋಗ ಎಂಥದ್ದೆಂದರೆ, ಗಿಗ್ ಕಾರ್ಮಿಕರಿಗೆ ಕನಿಷ್ಠ ಸಾಮಾಜಿಕ ಭದ್ರತೆ ಕೊಡಲು ರಾಜ್ಯ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು, ಅವರಿಗೆ ಕೊಡುವ ಹಣದ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಶುಲ್ಕ ವಸೂಲಿಗೆ ಅವಕಾಶ ಮಾಡಬೇಕಾಯಿತು. ಅಗ್ಗದ ಬೆಲೆಯೂ ಹೂಡಿಕೆದಾರರ ಹಣ ಇರುವವರೆಗಿನ ಮಾತು. ಇದೇ ಊರಿನಲ್ಲಿ ಹುಟ್ಟಿ ಮನೆಮಾತಾಗಿದ್ದ ಡಂಜೋ, ಹಣ ಬತ್ತಿದ ಮೇಲೆ 2025ರ ಆರಂಭದಲ್ಲಿ ಕಣ್ಮರೆಯಾದದ್ದನ್ನು ಎಲ್ಲರೂ ನೋಡಿದ್ದಾರೆ.

ಸರ್ಕಾರ ಈ ಪೈಪೋಟಿಯಲ್ಲಿ ತಟಸ್ಥವೂ ಅಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬ ನಿಯಮ ಹಳೆಯದು, ತೆರಿಗೆ ಎಲ್ಲರಿಗೂ ಒಂದೇ ಎಂಬ ತತ್ವವೂ ಸರಿ. ಆದರೆ ತೆರಿಗೆಯೇ ಇಲ್ಲದ ತರಕಾರಿ, ಹಣ್ಣು, ಹಾಲು ಮಾರುವವರಿಗೂ ನೋಟಿಸ್ ಬಂದಾಗ ಕ್ಯೂಆರ್ ಕೋಡ್ ಹಲಗೆಗಳನ್ನು ತೆಗೆದು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಗಾಬರಿ ತಗ್ಗಿತು. ಅಷ್ಟರಲ್ಲಿ ಜೇಬಿನಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸ ತಪ್ಪಿದ್ದ ಗಿರಾಕಿಗಳು ಚಿಲ್ಲರೆಯ ತಂಟೆಯೇ ಬೇಡವೆಂದು ಮತ್ತೆ ಫೋನಿನತ್ತ ತಿರುಗಿದ್ದರೆ ಆಶ್ಚರ್ಯವಿಲ್ಲ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಬೀದಿ ಬೀದಿಗೆ ಹಣ್ಣು ತರಕಾರಿ ತಲುಪಿಸಿದ ಹಾಪ್‌ಕಾಮ್ಸ್‌ನ ಮಳಿಗೆಗಳು ಕಡಿಮೆಯಾಗುತ್ತಾ ಬಂದಿರುವುದೂ ಇದೇ ಅಸಡ್ಡೆಯ ಭಾಗ.

ಅವಕಾಶ ಮಾತ್ರ ಕಣ್ಣೆದುರಿಗೇ ಇದೆ. 2017ರ ಜೂನ್‌ನಿಂದ ಹಸಿರು ಮಾರ್ಗದ ಮೆಟ್ರೊ ಸೌತ್ ಎಂಡ್, ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿಟಿಎಂ ದಾಟಿ ಬೊಮ್ಮಸಂದ್ರದವರೆಗೆ 19 ಕಿ.ಮೀ. ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮುಗಿಸಿದವರು ಆರ್.ವಿ. ರಸ್ತೆಯಲ್ಲಿ ಇಳಿದು ಗಾಡಿ ಬದಲಿಸುತ್ತಾರೆ, ಅಲ್ಲಿಂದ ಜಯನಗರ ನಿಲ್ದಾಣ ಒಂದೇ ಸ್ಟಾಪು, ನಾಲ್ಕನೇ ಬ್ಲಾಕಿಗೆ ನಡೆದೇ ಹೋಗಬಹುದು. ಗಾಂಧಿ ಬಜಾರಿನ ಫುಟ್‌ಪಾತ್ ಅಗಲ ಮಾಡುವ ಕಾಮಗಾರಿ ಗಡುವು ಮೀರಿ ಎಳೆದಾಗ ಅಲ್ಲಿನ ವ್ಯಾಪಾರಿಗಳು ಅನುಭವಿಸಿದ್ದನ್ನು ನೆನಪಿಟ್ಟುಕೊಂಡು, ಇಲ್ಲಿ ದೊಡ್ಡ ಯೋಜನೆಗೆ ಕಾಯದೆ ನಿಲ್ದಾಣದಿಂದ ಸಂಕೀರ್ಣದವರೆಗಿನ ಆ ಒಂದು ದಾರಿಯನ್ನು ಮೊದಲು ಸರಿಪಡಿಸಬಹುದು. ಚಪ್ಪಡಿ ಸಮ ಮಾಡಿ, ಸ್ಕೂಟರ್ ಏರದಂತೆ ಕಂಬ ನೆಟ್ಟು, ನಡೆಯುವವರಿಗೆ ಒಂದು ಪಟ್ಟಿ, ಹೂವು ಹಣ್ಣಿನವರಿಗೆ ಸಂಖ್ಯೆ ಬರೆದ ಒಂದು ಪಟ್ಟಿ ಗುರುತು ಮಾಡಿದರೆ, ಸಂಜೆ ಏಳರ ಗಾಡಿಯಿಂದ ಇಳಿದವರು ಮನೆಗೆ ಹೋಗುವ ದಾರಿಯಲ್ಲೇ ಆ ಸುತ್ತು ಹಾಕಿಕೊಂಡು ಹೋಗುತ್ತಾರೆ.