ಅಡಿಗೆಮನೆಯ ಗ್ಯಾಸ್ ಒಲೆಯನ್ನು ಜೋಡಿಸುವ ಕ್ರಮ

ಹಗೇವನ್ನು ತೆರೆದ ಕೂಡಲೆ ಅದರೊಳಗೆ ಇಳಿಯಕೂಡದೆಂಬುದನ್ನು ನಮ್ಮ ರೈತರಲ್ಲಿ ಹಿರಿಯರಾದವರು ಬಲ್ಲರು. ದೀಪವನ್ನು ಕೆಳಕ್ಕೆ ಬಿಟ್ಟು, ಅದು ನಂದಿದರೆ ಕೆಟ್ಟ ವಾಯುವು ತುಂಬಿರುವುದೆಂದು ತಿಳಿಯುವ ವಾಡಿಕೆಯುಂಟು. ಅಡಿಗೆಯ ಗ್ಯಾಸು ಸಹ ಆ ವಾಯುವಿನಂತೆ ತಗ್ಗಿನಲ್ಲಿ ನಿಲ್ಲತಕ್ಕದ್ದು. ಅದರಲ್ಲಿರುವ ಪ್ರೊಪೇನು ಗಾಳಿಗಿಂತ ಸುಮಾರು ಒಂದೂವರೆ ಪಾಲು, ಬ್ಯುಟೇನು ಎರಡು ಪಾಲು ಭಾರವಾದುವು. ಆದರೆ ಇಲ್ಲಿ ದೀಪವು ನಂದುವುದಿಲ್ಲ, ಮನೆಯೇ ಸಿಡಿಯುವುದು.

2016ನೆಯ ಇಸವಿಯಲ್ಲಿ ಉಜ್ವಲಾ ಯೋಜನೆಯು ಆರಂಭವಾದಂದಿನಿಂದ ಸೌದೆಯೊಲೆಯ ಮನೆಗಳನೇಕಕ್ಕೆ ಈ ಒಲೆಯು ಬಂದಿರುವುದರಿಂದ, ಗ್ರಾಮದ ಮುಖಂಡರು ಇದರ ಜೋಡಣೆಯನ್ನು ತಾವೇ ತಿಳಿದಿರುವುದು ಯುಕ್ತವು. ಒಂದು ಮನೆಯಲ್ಲಿ ಸಿಲಿಂಡರನ್ನು ಜಾಗ ಉಳಿಯುವುದೆಂದು ಹಳೆಯ ಹಗೇವಿನ ತಗ್ಗಿನಲ್ಲಿಯೇ ಇಳಿಸಿದ್ದುದನ್ನು ನಾನು ಕಂಡಿದ್ದೇನೆ. ಇದಕ್ಕಿಂತ ಕೆಟ್ಟ ಸ್ಥಳವು ಬೇರೊಂದಿಲ್ಲ. ಗಾಳಿಯಾಡುವ ಕಡೆ ಸಮನೆಲದ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರವಾದ ಕಟ್ಟೆಯ ಮೇಲಿಡತಕ್ಕದ್ದು.

ಜೋಡಿಸುವ ಮೊದಲು ಮನೆಯಲ್ಲಿನ ದೀಪ, ಊದುಬತ್ತಿ, ಸೌದೆಯೊಲೆಗಳೆಲ್ಲವನ್ನೂ ಆರಿಸಬೇಕು. ಸಿಲಿಂಡರಿನ ಮುಚ್ಚಳವನ್ನು ತೆಗೆದು, ವಾಲ್ವಿನೊಳಗೆ ರಬ್ಬರಿನ ಬಳೆಯಿದೆಯೇ ಎಂದು ನೋಡಬೇಕು. ಅದು ಇಲ್ಲದಿದ್ದರೆ ಅಥವಾ ಬಿರಿದಿದ್ದರೆ ಸಿಲಿಂಡರನ್ನು ಹಿಂದಿರುಗಿಸುವುದೇ ಸರಿ. ರೆಗ್ಯುಲೇಟರಿನ ಗುಂಡಿಯು ಮುಚ್ಚಿದ ಸ್ಥಿತಿಯಲ್ಲಿರುವಾಗಲೇ ಅದನ್ನು ವಾಲ್ವಿನ ಮೇಲೆ ಒತ್ತಿ ಕೂರಿಸಬೇಕು. ಕೊಳವೆಯು ಐ.ಎಸ್.ಐ. ಗುರುತಿನದಾಗಿ, ಒಂದೂವರೆ ಮೀಟರಿಗೆ ಮೀರದೆ ಇರಲಿ. ಒಲೆಯ ಹಿಂಬದಿಯಲ್ಲಿ ಹಾಯದಿರಲಿ. ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸತಕ್ಕದ್ದು. ಕೊಳವೆಯು ಚೆನ್ನಾಗಿ ಕಾಣಲೆಂದು ಬಟ್ಟೆಯ ಹೊದಿಕೆಯನ್ನು ಹೊಲಿಸುವವರಿದ್ದಾರೆ. ಇಲಿ ಕಡಿದ ಗುರುತು ಆ ಹೊದಿಕೆಯೊಳಗೇ ಅಡಗಿರುವುದು.

ಬಳಿಕ ರೆಗ್ಯುಲೇಟರನ್ನು ತೆರೆದು, ಒಲೆಯ ತಿರುಪುಗಳನ್ನು ಮುಚ್ಚಿಯೇ ಇರಿಸಿ, ಸಂದುಗಳಿಗೆಲ್ಲಾ ಸಾಬೂನಿನ ನೀರನ್ನು ಸವರಬೇಕು. ಗುಳ್ಳೆಗಳೆದ್ದರೆ ಅಲ್ಲಿ ಸೋರಿಕೆಯುಂಟು. ಹಗೇವಿನ ವಾಡಿಕೆಯಂತೆ ಬೆಂಕಿಕಡ್ಡಿಯನ್ನು ಗೀರಿ ಪರೀಕ್ಷಿಸುವುದು ಎಂದಿಗೂ ಕೂಡದು.

ಈ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿಕೆಯು ತಿಳಿಯಲೆಂದೇ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಬರತಕ್ಕದ್ದು. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಕೂಡದು, ಆರಿಸಲೂ ಕೂಡದು. ಅದರ ಕಿಡಿಯೊಂದೇ ಸಾಕು. ಹೊರಗೆ ಬಂದ ಮೇಲೆ 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಈ ಸಂಖ್ಯೆಯನ್ನು ಪಂಚಾಯಿತಿ ಕಟ್ಟಡದ ಹೊರಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸುವ ಭಾರವನ್ನು ಮುಖಂಡರು ವಹಿಸಬಹುದು.