ಎಡಗಾಲಿಯ ಉಲ್ಟಾ ನಟ್ಟು

ಬಳ್ಳಾರಿಯಿಂದ ಆಲೂರಿನ ಮೇಲೆ ಕರ್ನೂಲಿಗೆ ಹೊರಟರೆ ನಡುವೆ ದೇವನಕೊಂಡ. ಟೊಮೆಟೊ ಕಾಲದಲ್ಲಿ ಹೋದರೆ ರಸ್ತೆಯುದ್ದಕ್ಕೂ ಕ್ರೇಟುಗಳು, ಪತ್ತಿಕೊಂಡದ ಮಾರ್ಕೆಟ್ಟಿಗೆ ಓಡುವ ಟ್ರಾಕ್ಟರುಗಳು. ಅಲ್ಲಿನ ಒಂದು ಪಂಕ್ಚರ್ ಅಂಗಡಿಯ ಮುಂದೆ ಕೂತಿದ್ದ ತಾತನೊಬ್ಬರು, ಹಳೇ ಲಾರಿಗಳ ಮಾತು ತೆಗೆದ ಕೂಡಲೇ ಬೀಡಿ ಕೆಳಗಿಟ್ಟರು. "ಡಾಜ್ ಗಾಡಿಗೆ ಎಡಕಿನ ಗಾಲಿ ನಟ್ಟು ಉಲ್ಟಾ ಇರ್ತಿದ್ವು ನೋಡ್ರಿ. ಹೊಸಾ ಕ್ಲೀನರ್ ಬಂದ್ರ ಮೊದ್ಲು ಅದನ್ನ ಹೇಳಿಕೊಡಬೇಕು, ಇಲ್ಲಾಂದ್ರ ಸ್ಟಡ್ ಮುರೀತಾನ. ನಾನೂ ಮುರಿದೀನಿ, ಎರಡು."

ಡಾಜ್ ಎಂದರೆ ಡಾಡ್ಜ್. ಈ ಸೀಮೆಯಲ್ಲಿ ಅರವತ್ತು ದಾಟಿದವರಿಗೆ ಮೂತಿ ಇರುವ ಲಾರಿ ಎಂದರೆ ಟಾಟಾ ಮರ್ಸಿಡಿಸ್, ಇಲ್ಲವೇ ಡಾಡ್ಜ್, ಇಲ್ಲವೇ ಫಾರ್ಗೋ. ಆದವಾನಿಯ ಹತ್ತಿ ಬೇಲು, ಪತ್ತಿಕೊಂಡದ ಕಡಲೆಕಾಯಿ ಚೀಲ ಹೊತ್ತ ಗಾಡಿಗಳಲ್ಲಿ ಇವೂ ಇದ್ದವು. ತಾತ ಹೇಳಿದ ಉಲ್ಟಾ ನಟ್ಟು ಕಟ್ಟುಕತೆಯಲ್ಲ. ಡಾಡ್ಜ್ ತಯಾರಿಸುತ್ತಿದ್ದ ಕ್ರೈಸ್ಲರ್ ಕಂಪನಿ ತನ್ನ ಗಾಡಿಗಳ ಎಡಗಾಲಿಗಳಿಗೆ ಎಡಮರೆಯ ನಟ್ಟು ಹಾಕುತ್ತಿತ್ತು. ಬಲಗಡೆ ಎಲ್ಲರಂತೆ, ಎಡಗಡೆ ಬಿಚ್ಚಬೇಕಾದರೆ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಬೇಕು. ಸ್ಟಡ್ಡಿನ ತುದಿಯಲ್ಲಿ 'ಎಲ್' ಅಕ್ಷರ ಕೆತ್ತಿರುತ್ತಿತ್ತು. ಗ್ರೀಸು, ಎರೆಮಣ್ಣು ಮೆತ್ತಿಕೊಂಡ ಮೇಲೆ ಆ ಅಕ್ಷರ ಯಾರಿಗೆ ಕಾಣಬೇಕು?

ಯಾಕೆ ಹೀಗೆ? ಲಾರಿಯ ಎಡಬದಿಗೆ ನಿಂತು ನೋಡಿ. ಗಾಡಿ ಮುಂದಕ್ಕೆ ಹೋಗುವಾಗ ಆ ಗಾಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಗಾಲಿ ನಿಧಾನವಾದರೂ ನಟ್ಟಿಗೆ ಅದೇ ದಿಕ್ಕಿನಲ್ಲಿ ಸುತ್ತುತ್ತಲೇ ಇರುವ ಚಪಲ. ಬಸ್ಸು ನಿಂತಾಗ ನಾವು ಮುಂದಕ್ಕೆ ಮುಗ್ಗರಿಸುವುದಿಲ್ಲವೇ, ಹಾಗೆ. ಸಾದಾ ನಟ್ಟು ಬಿಚ್ಚಿಕೊಳ್ಳುವುದೂ ಅದೇ ದಿಕ್ಕಿಗೆ. ಮರೆಯನ್ನೇ ಉಲ್ಟಾ ಕೊರೆದುಬಿಟ್ಟರೆ ಬ್ರೇಕು ಒತ್ತಿದಷ್ಟೂ ಬಿಗಿಯಾಗುತ್ತದೆ ಎನ್ನುವುದು ಲೆಕ್ಕ. ಲೆಕ್ಕ ತಪ್ಪಿಲ್ಲ, ಆದರೆ ಅಷ್ಟು ಕಷ್ಟಪಡುವ ಅಗತ್ಯವಿರಲಿಲ್ಲ. ನಟ್ಟಿನ ಬುಡ ಇಳಿಜಾರಾಗಿದ್ದು ಗಾಲಿಯ ಕುಳಿಯೊಳಗೆ ಕಚ್ಚಿ ಕೂತರೆ, ಆ ಘರ್ಷಣೆಯೇ ಹಿಡಿದು ನಿಲ್ಲಿಸುತ್ತದೆ. ಹೆಚ್ಚಿನ ಕಾರು ಕಂಪನಿಗಳು ಇದನ್ನು ಬೇಗ ಅರಿತವು. ಕ್ರೈಸ್ಲರ್ ಮಾತ್ರ 1970ರ ಆಸುಪಾಸಿನವರೆಗೂ ಹಟ ಬಿಡಲಿಲ್ಲ.

ಡೆಟ್ರಾಯಿಟಿನಲ್ಲಿ ಹುಟ್ಟಿದ ಈ ಹಟ ದೇವನಕೊಂಡದ ಕ್ಲೀನರ್ ಹುಡುಗನ ಅಂಗೈ ಬೊಬ್ಬೆವರೆಗೆ ಬಂದ ದಾರಿಯಲ್ಲಿ ನಮ್ಮವರೇ ಒಬ್ಬರು ನಿಂತಿದ್ದಾರೆ.

ಜಾನ್ ಮತ್ತು ಹೊರೇಸ್ ಡಾಡ್ಜ್ ಅಣ್ಣತಮ್ಮಂದಿರು, ಕೈಕೆಲಸ ಬಲ್ಲ ಮೆಕ್ಯಾನಿಕ್ಕರು. ಹೆನ್ರಿ ಫೋರ್ಡ್ 1903ರಲ್ಲಿ ಕಂಪನಿ ತೆರೆದಾಗ ಇಂಜಿನು, ಗೇರ್‌ಬಾಕ್ಸು ಮಾಡಿಕೊಟ್ಟವರು ಇವರೇ. 1914ರಲ್ಲಿ ಸ್ವಂತ ಕಾರು ಹೊರಡಿಸಿದರು, 1917ರಲ್ಲಿ ಅದೇ ಚಾಸಿಯ ಮೇಲೆ ಸಾಮಾನು ಸಾಗಿಸುವ ಗಾಡಿ. 1920ರಲ್ಲಿ, ಒಂದೇ ವರ್ಷದೊಳಗೆ, ಇಬ್ಬರೂ ತೀರಿಹೋದರು. 1928ರಲ್ಲಿ ವಾಲ್ಟರ್ ಕ್ರೈಸ್ಲರ್ ಕಂಪನಿಯನ್ನೇ ಕೊಂಡ. ಅದೇ ವರ್ಷ ಅವನ ಕೈಗೆ ಫಾರ್ಗೋ ಎಂಬ ಇನ್ನೊಂದು ಲಾರಿ ಹೆಸರೂ ಬಂತು. ಬರಬರುತ್ತಾ ಡಾಡ್ಜ್, ಫಾರ್ಗೋ ಎರಡೂ ಒಂದೇ ಲಾರಿಯಾಗಿ, ಬಾನೆಟ್ಟಿನ ಮೇಲಿನ ಹೆಸರು ಮಾತ್ರ ಬೇರೆಯಾಗಿ ಉಳಿಯಿತು. ಬೇರೆ ಬೇರೆ ಡೀಲರುಗಳಿಗೆ ಮಾರಲು ಬೇರೆ ಬೇರೆ ಹೆಸರು ಬೇಕಿತ್ತು, ಅಷ್ಟೇ. ಹೀಗಿದ್ದೂ "ಫಾರ್ಗೋನೇ ಗಟ್ಟಿ, ಡಾಜ್ ನಾಜೂಕು" ಎಂದು ವಾದಿಸುವವರು ಇವತ್ತಿಗೂ ಸಿಗುತ್ತಾರೆ. ಒಂದರ ಪಿಸ್ಟನ್ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿತ್ತಲ್ಲ ಎಂದರೆ ಅವರು ಒಪ್ಪುವವರಲ್ಲ. ನಾನೂ ವಾದ ಬಿಟ್ಟಿದ್ದೇನೆ.

ಇನ್ನು ನಮ್ಮವರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾಗಿದ್ದ, ಎಪ್ಪತ್ತು ದಾಟಿದ್ದ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲೇ ಕಾರು, ಲಾರಿ ಮಾಡಬೇಕೆಂದು ಯೋಜನೆ ಬರೆದರು. ಅದನ್ನು ಕೈಗೆತ್ತಿಕೊಂಡವರು ಸೊಲ್ಲಾಪುರದ ವಾಲಚಂದ್ ಹೀರಾಚಂದ್. ಅವರು ಅಮೆರಿಕಕ್ಕೆ ಹೋಗಿ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಬಂದರು. ಮೈಸೂರು ಸರ್ಕಾರವೂ ಆಸಕ್ತಿ ತೋರಿಸಿತ್ತು. ಆದರೆ ಎರಡನೇ ಮಹಾಯುದ್ಧ ಶುರುವಾಗಿತ್ತು, ದೆಹಲಿಯ ಬ್ರಿಟಿಷ್ ಸರ್ಕಾರ ಆಸರೆ ಕೊಡಲಿಲ್ಲ. ಅದೇ ವಾಲಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಅದೇ. ವಿಮಾನಕ್ಕೆ ಸಿಕ್ಕ ಒಪ್ಪಿಗೆ ಲಾರಿಗೆ ಸಿಗಲಿಲ್ಲ! ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿ, ಮುಂಬಯಿಯ ಕುರ್ಲಾದಿಂದ 1947ರಲ್ಲಿ ಡಾಡ್ಜ್ ಲಾರಿ ಹೊರಬಿತ್ತು.

ಅಷ್ಟರಲ್ಲಿ ಈ ಕಡೆಯ ಜನ ಮೋಟಾರಿನ ಇನ್ನೊಂದು ಅವತಾರ ಕಂಡಾಗಿತ್ತು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ರೇಷನ್. ಬಸ್ಸಿನ ಹಿಂದೆ ಒಲೆಯಂಥ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ ಗ್ಯಾಸ್ ಮಾಡಿ ಓಡಿಸುತ್ತಿದ್ದರು. ಇದ್ದಿಲಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಅದು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಆ ವಿಷಗಾಳಿಯೇ ಇಂಜಿನಿಗೆ ಉರುವಲು. ಆದರೆ ಆ ಗ್ಯಾಸಿನ ಅರ್ಧಕ್ಕೂ ಹೆಚ್ಚು ಪಾಲು ಉರಿಯದ ನೈಟ್ರೋಜನ್. ಹಾಗಾಗಿ ಇಂಜಿನಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ದಿಬ್ಬ ಬಂದರೆ ಜನ ಇಳಿದು ತಳ್ಳುತ್ತಿದ್ದರೆಂಬ ಅಜ್ಜಂದಿರ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ಡಾಡ್ಜ್‌ನ ಮೂಲ ಇಂಜಿನು ಆರು ಸಿಲಿಂಡರಿನ ಪೆಟ್ರೋಲ್ ಇಂಜಿನು. ಅದರ ಮುಖ್ಯ ಮಾದರಿಯೊಂದು 230 ಘನ ಅಂಗುಲ, ಅಂದರೆ ಸುಮಾರು 3.8 ಲೀಟರು. ಅಮೆರಿಕದ ಸೈನ್ಯದ ಡಾಡ್ಜ್ ಗಾಡಿಗಳಿಗೂ ಇದೇ ಕುಲದ ಇಂಜಿನು. ಇದರ ಹೆಡ್ಡು ಬಿಚ್ಚಿ ನೋಡಿದರೆ ಇವತ್ತಿನ ಮೆಕ್ಯಾನಿಕ್ ನಗಬಹುದು. ಅದರೊಳಗೆ ಏನೂ ಇಲ್ಲ! ವಾಲ್ವು, ಸ್ಪ್ರಿಂಗು ಎಲ್ಲ ಕೆಳಗೆ ಬ್ಲಾಕಿನಲ್ಲಿ, ಪಿಸ್ಟನ್ನಿನ ಪಕ್ಕದಲ್ಲಿ. ಹೆಡ್ಡು ಎಂದರೆ ಮೇಲೆ ಮುಚ್ಚಿದ ಚಪ್ಪಟೆ ಕಬ್ಬಿಣದ ತಟ್ಟೆ. ಹತ್ತಾರು ಬೋಲ್ಟು ಬಿಚ್ಚಿ ಎತ್ತಿದರೆ ಪಿಸ್ಟನ್ನಿನ ತಲೆ, ವಾಲ್ವಿನ ಮುಖ ಕಣ್ಣೆದುರಿಗೆ. ಬೇವಿನ ಮರದಡಿ ಗೋಣಿಚೀಲ ಹಾಸಿಕೊಂಡು, ಮಸಿ ಕೆರೆದು, ಗ್ರೈಂಡಿಂಗ್ ಪೇಸ್ಟು ಸವರಿ ವಾಲ್ವನ್ನು ಅಂಗೈಯಲ್ಲಿ ಕಡೆಗೋಲಿನಂತೆ ಉಜ್ಜಿ ಕೂರಿಸಿದರೆ ಸಂಜೆಗೆ ಗಾಡಿ ರೆಡಿ.

ಈ ಸರಳತೆಗೆ ತೆರಬೇಕಾದ ಬೆಲೆ ಬೇರೆ. ವಾಲ್ವುಗಳು ಪಕ್ಕದಲ್ಲಿರುವುದರಿಂದ ಉರಿಯುವ ಜಾಗ ಅಡ್ಡಡ್ಡ ಹರಡಿಕೊಳ್ಳುತ್ತದೆ; ಮಿಶ್ರಣವನ್ನು ಸುಮಾರು ಏಳನೇ ಒಂದು ಪಾಲಿಗಿಂತ ಹೆಚ್ಚು ಒತ್ತಲಾಗದು. ಒತ್ತಡ ಕಡಿಮೆ ಎಂದರೆ ಒಂದು ಗ್ಯಾಲನ್ನಿಗೆ ಸಿಗುವ ಮೈಲಿಯೂ ಕಡಿಮೆ. ಬಿಸಿಹೊಗೆ ಹೊರಗೆ ಹೋಗುವ ದಾರಿ ಬ್ಲಾಕಿನ ಒಳಗಿಂದಲೇ, ಅದು ತಂಪು ಮಾಡುವ ನೀರನ್ನೂ ಕಾಯಿಸುತ್ತದೆ. ಈ ಬಗೆಯ ಇಂಜಿನುಗಳಿಗೆಲ್ಲ ಇದು ಅಂಟಿದ ಜಾಡ್ಯ. ನಲವತ್ತು ಡಿಗ್ರಿ ದಾಟುವ ನಮ್ಮ ವೈಶಾಖದಲ್ಲಿ ಲೋಡು ಎಳೆಯುವಾಗ ರೇಡಿಯೇಟರು ಕುದಿಯುವುದು ಮಾಮೂಲು. ಕ್ಯಾಬಿನ್ನಿನ ಪಕ್ಕ ನೀರಿನ ಡಬ್ಬಿ ತೂಗುಬಿಡುತ್ತಿದ್ದದ್ದು ಅದಕ್ಕೇ. ಮುಚ್ಚಳ ತೆಗೆಯುವಾಗ ಒದ್ದೆ ಗೋಣಿ ಹೊದಿಸಿ, ಮುಖ ಆಚೆ ತಿರುಗಿಸಿ, ಅರ್ಧ ತಿರುವು ಮಾತ್ರ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ, ಮುಚ್ಚಳ ಬಿಚ್ಚಿದ ಗಳಿಗೆಯಲ್ಲಿ ಒಮ್ಮೆಲೇ ಕುದಿದು ಆವಿಯೊಂದಿಗೆ ಚಿಮ್ಮುತ್ತದೆ. ಕುಕ್ಕರ್ ಬರುವುದಕ್ಕೆ ಮುಂಚೆಯೇ ಡ್ರೈವರುಗಳಿಗೆ ಈ ಪಾಠ ಆಗಿತ್ತು.

ಇಂಜಿನು ಚಾಲೂ ಮಾಡಲು ಹ್ಯಾಂಡಲ್ ಹೊಡೆಯುವುದಕ್ಕೂ ಒಂದು ಶಾಸ್ತ್ರ. "ಹೆಬ್ಬಟ್ಟು ಬೆರಳಿನ ಜೊತೀನೇ ಇರ್ಬೇಕು, ಸುತ್ತ ಹಿಡೀಬಾರ್ದು. ಕೆಳಗಿಂದ ಮ್ಯಾಲಕ್ಕ ಎಳೀಬೇಕು, ಮ್ಯಾಲಿಂದ ಕೆಳಕ್ಕ ಒತ್ತಬಾರ್ದು" ಎಂದು ತಾತ ಸೈಕಲ್ ಪಂಪು ಹಿಡಿದು ತೋರಿಸಿದರು. ಕಿಡಿ ಮುಂಚಿತವಾಗಿ ಹಾರಿದರೆ ಇಂಜಿನು ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿಕೊಂಡಿದ್ದರೆ ಮುರಿದೇ ಹೋಗುತ್ತದೆ.

1953ರ ಸುಮಾರಿಗೆ ಎರಡು ಸಂಗತಿ ನಡೆದವು. ಒಂದು, ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಹರಿದು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಬಂತು. ಒಂದೇ ಜಿಲ್ಲೆಯೊಳಗೆ ಓಡುತ್ತಿದ್ದ ಲಾರಿ ಎರಡು ರಾಜ್ಯದ ಪರ್ಮಿಟ್ಟು ನೋಡಿಕೊಳ್ಳಬೇಕಾಯಿತು. ಇನ್ನೊಂದು, ಬಿಡಿಭಾಗ ತರಿಸಿ ಜೋಡಿಸುವುದಷ್ಟೇ ಮಾಡುತ್ತಿದ್ದ ಕಂಪನಿಗಳು ಇಲ್ಲೇ ತಯಾರಿಸಲಿ, ಇಲ್ಲವೇ ಅಂಗಡಿ ಮುಚ್ಚಲಿ ಎಂದಿತು ಭಾರತ ಸರ್ಕಾರ. ಫೋರ್ಡ್, ಜನರಲ್ ಮೋಟಾರ್ಸ್ ಹೊರಟುಹೋದವು. ಪ್ರೀಮಿಯರ್ ಇಲ್ಲಿಯದೇ ಕಂಪನಿಯಾದ್ದರಿಂದ ಡಾಡ್ಜ್, ಫಾರ್ಗೋ ಉಳಿದವು. ಆದರೆ 1954ರಲ್ಲಿ ಟಾಟಾ, ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಡೀಸೆಲ್ ಲಾರಿ ತಂದಿತು. ಪೆಟ್ರೋಲ್ ಲಾರಿ ಓಡಿಸುವ ಮಾಲೀಕನ ಲೆಕ್ಕದ ಪುಸ್ತಕಕ್ಕೆ ಅಲ್ಲಿಗೆ ಗ್ರಹಣ ಹಿಡಿಯಿತು.

ಹಾಗಾಗಿ ಡಾಡ್ಜ್‌ಗೆ ಗುಂಡಿಗೆಯನ್ನೇ ಬದಲಿಸಿದರು. ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಪಿ-6 ಡೀಸೆಲ್ ಇಂಜಿನು ಬಂತು: ಇದಕ್ಕೂ ಆರು ಸಿಲಿಂಡರು, ಅಳತೆ 4.7 ಲೀಟರು. ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಇಂಜಿನುಗಳನ್ನು ಇಲ್ಲೇ ತಯಾರಿಸತೊಡಗಿತು. ಪೆಟ್ರೋಲ್ ಇಂಜಿನು ಮಿಶ್ರಣವನ್ನು ಏಳನೇ ಒಂದು ಪಾಲಿಗೆ ಒತ್ತಿದರೆ, ಇದು ಗಾಳಿಯನ್ನು ಸುಮಾರು ಹದಿನಾರನೇ ಒಂದು ಪಾಲಿಗೆ ಒತ್ತುತ್ತದೆ. ಅಷ್ಟು ಒತ್ತಿದ ಗಾಳಿ ತಾನಾಗಿ ಕಾದು, ಒಳಗೆ ಚಿಮ್ಮಿದ ಡೀಸೆಲ್ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಪ್ಲಗ್ಗಿಲ್ಲ, ಕಾರ್ಬುರೇಟರಿಲ್ಲ, ಸದ್ದು ಮಾತ್ರ ಇಮ್ಮಡಿ.

ಇಂಜಿನು ಬದಲಿಸಿದರೆ ಬ್ರೇಕಿಗೂ ತೊಂದರೆ ಎಂದು ಯಾರಿಗಾದರೂ ಹೊಳೆದೀತೇ? ನನಗಂತೂ ಹೊಳೆದಿರಲಿಲ್ಲ. ಪೆಟ್ರೋಲ್ ಲಾರಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ಗಾಳಿಯ ಬಾಗಿಲು ಮುಚ್ಚುತ್ತದೆ. ಪಿಸ್ಟನ್ನುಗಳು ಗಾಳಿ ಸಿಗದೆ ಹೀರುತ್ತಲೇ ಇರುವುದರಿಂದ ಗಾಳಿ ಬರುವ ಕೊಳವೆಯಲ್ಲಿ ನಿರ್ವಾತ ಹುಟ್ಟುತ್ತದೆ. ದೊಡ್ಡ ಲಾರಿಯ ಬ್ರೇಕು ಒತ್ತಲು ಡ್ರೈವರನ ಕಾಲಿನ ಜೊತೆ ಈ ನಿರ್ವಾತವೂ ಕೈಜೋಡಿಸುತ್ತಿತ್ತು. ಕಾಲು ತೆಗೆಯುವುದೂ ಬ್ರೇಕು ಒತ್ತುವುದೂ ಬೆನ್ನುಬೆನ್ನಿಗೇ ಆಗುವುದರಿಂದ, ಬೇಕಾದ ಗಳಿಗೆಗೇ ಬಿಟ್ಟಿ ಬಲ. ಡೀಸೆಲ್ ಇಂಜಿನಿನ ಸ್ವಭಾವ ಹಾಗಲ್ಲ. ಅದರ ಓಟವನ್ನು ಹಿಡಿಯುವುದು ಡೀಸೆಲ್ ಅಳೆದು ಕೊಡುವ ಪಂಪು. ಗಾಳಿಯನ್ನು ಅದು ಧಾರಾಳವಾಗಿ ಎಳೆದುಕೊಳ್ಳುತ್ತದೆ. ಬ್ರೇಕಿಗೆ ಸಾಕಾಗುವಷ್ಟು ನಿರ್ವಾತ ಅಲ್ಲಿ ಹುಟ್ಟದು. ಆದ್ದರಿಂದ ನಿರ್ವಾತ ಮಾಡಲೆಂದೇ ಇಂಜಿನಿಗೆ ಇನ್ನೊಂದು ಪಂಪು ಕಟ್ಟಬೇಕು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನು ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡುವ ಚಾಳಿ ಇದ್ದವರಿಗೆ ಇದು ಪ್ರಾಣದ ಮೇಲಿನ ಆಟ. ಪಂಪು ನಿಂತರೆ, ನಿರ್ವಾತ ಕೂಡಿಡುವ ಡಬ್ಬಿಯಲ್ಲಿ ಉಳಿದದ್ದು ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲು.

ಕುರ್ಲಾದಿಂದ ಬರುತ್ತಿದ್ದದ್ದು ಚಾಸಿ, ಬಾನೆಟ್ಟು, ಮೂತಿ. ಕ್ಯಾಬಿನ್ನು, ಬಾಡಿ ಎರಡೂ ನಮ್ಮ ಬಡಗಿಗಳ ಕೈಯವು. ಇಂಜಿನು ಇಂಗ್ಲೆಂಡಿನ ನಕ್ಷೆಯದು, ಮೈ ನಮ್ಮ ಮರದ್ದು. ಹಾಗಾದರೆ ಅಮೆರಿಕದ್ದು ಎನ್ನಲು ಉಳಿದದ್ದೇನು? ಹೆಸರು, ಮೂತಿ, ಚಾಸಿಯ ಮೂಲ ನಕ್ಷೆ, ಮತ್ತೆ ಆ ಉಲ್ಟಾ ನಟ್ಟು. ಕ್ರೈಸ್ಲರ್ ಜೊತೆಗಿನ ನಂಟು ಕಳಚಿದ ಮೇಲೆ ಹೆಸರೂ ಹೋಯಿತು, ಲಾರಿಗಳು ಪ್ರೀಮಿಯರ್ ಎಂದೇ ಬಂದವು. ಆಮೇಲೆ ಅವೂ ನಿಂತವು. ಈಗ ಅಮೆರಿಕದಲ್ಲೂ ಡಾಡ್ಜ್ ಎಂಬ ಹೆಸರಿನ ಟ್ರಕ್ಕಿಲ್ಲ, ಬಾನೆಟ್ಟಿನ ಮೇಲೆ ಕೂರುತ್ತಿದ್ದ ಟಗರಿನ ಹೆಸರಿನಲ್ಲಿ 'ರ‍್ಯಾಮ್' ಎಂದು ಬೇರೆಯೇ ಮಾರುತ್ತಾರೆ.

ತಾತ ಎದ್ದು, ಅಂಗಡಿಯ ಹಿಂದೆ ನಿಂತಿದ್ದ ಟ್ರಾಕ್ಟರ್ ಟ್ರೇಲರೊಂದರ ಹತ್ತಿರ ಕರೆದೊಯ್ದರು. ಹಳೇ ಲಾರಿಯ ಅಚ್ಚು ಹಾಕಿ ಮಾಡಿದ ಟ್ರೇಲರು, ಮೇಲೆ ಟೊಮೆಟೊ ಕ್ರೇಟು. ಯಾವ ಕಂಪನಿಯ ಅಚ್ಚು ಎಂದು ಹೇಳುವ ಗುರುತೇನೂ ಉಳಿದಿರಲಿಲ್ಲ. ಎಡಗಾಲಿಯ ನಟ್ಟು ನೋಡಿದೆ, ಸಾದಾ. "ಅಲ್ಲಲ್ರೀ, ಈ ಕಡೆ ಬರ್ರಿ" ಎಂದು ಬಲಗಡೆಗೆ ಎಳೆದರು. ಉಗುರಿನಿಂದ ಮಣ್ಣು ಕೆರೆದರೆ ಸ್ಟಡ್ಡಿನ ತುದಿಯಲ್ಲಿ 'ಎಲ್'. ವೆಲ್ಡಿಂಗಿನವನು ಅಚ್ಚನ್ನು ಹಿಂದುಮುಂದಾಗಿ ಕೂರಿಸಿದ್ದ.